ಹಳೆಯ ಯುದ್ಧವಿಮಾನ ಸಿಮ್‌ಗಳು: ಕಲಿಯೋಕೆ ಯಾವುದು ಸರಿ?

ಹಳೆಯ ಕಾಂಬ್ಯಾಟ್ ಫ್ಲೈಟ್ ಸಿಮ್, ಅಂದರೆ ಕಂಪ್ಯೂಟರ್‌ನಲ್ಲಿ ಯುದ್ಧವಿಮಾನ ಹಾರಿಸಿ ಕಾದಾಡುವ ಆಟ, ಕಲಿಯಬೇಕು ಅಂತ ಹೊರಟವರು ಸಾಮಾನ್ಯವಾಗಿ ಮೊದಲು ಕೇಳೋದು, ಇವುಗಳಲ್ಲಿ ತುಂಬಾ ನೈಜವಾಗಿರೋದು ಯಾವುದು ಅಂತ. ಹೊಸಬರಿಗೆ ಆ ಪ್ರಶ್ನೆಯಿಂದ ಹೆಚ್ಚು ಉಪಯೋಗವಿಲ್ಲ. ಕಲಿಯೋಕೆ ಆಟ ಆರಿಸುವಾಗ ನಾನು ನೋಡುವುದು ಒಂದೇ ವಿಷಯ. ನನ್ನ ವಿಮಾನ ಬಿದ್ದಾಗ ಯಾಕೆ ಬಿತ್ತು ಅಂತ ಈ ಆಟ ನನಗೆ ತೋರಿಸುತ್ತಾ?

ಮೊದಲ ಕೆಲವು ವಾರ ಬೀಳೋದೇ ಜಾಸ್ತಿ. ಎದುರಾಳಿಯ ಬಾಲ ಹಿಡಿದು ಸ್ಟಿಕ್ ಎಳೆಯುತ್ತೀರಿ, ವಿಮಾನ ಒಂದು ಸಲ ನಡುಗಿ ಗಿರಗಿರ ಸುತ್ತುತ್ತಾ ಕೆಳಗಿಳಿಯುತ್ತದೆ. ಇಲ್ಲವೇ ಎಲ್ಲಿಂದಲೋ ಗುಂಡು ಬೀಳುತ್ತದೆ, ಹೊಡೆದವನು ಯಾರು ಅಂತಲೂ ಕಾಣುವುದಿಲ್ಲ. ಕಾರಣ ಗೊತ್ತಾದರೆ ಮುಂದಿನ ಸಲ ಇನ್ನೊಂದಿಷ್ಟು ಹೊತ್ತು ಜಾಸ್ತಿ ಬದುಕುತ್ತೀರಿ. ಗೊತ್ತಾಗದಿದ್ದರೆ ಜಾಯ್‌ಸ್ಟಿಕ್ ಅಟ್ಟ ಸೇರುತ್ತದೆ.

ಈ ಅಳತೆ ಇಟ್ಟುಕೊಂಡು ನಾಲ್ಕು ಆಟಗಳನ್ನು ನೋಡೋಣ. ರೆಡ್ ಬ್ಯಾರನ್ (1990), ಯುರೋಪಿಯನ್ ಏರ್ ವಾರ್ (1998), ಫಾಲ್ಕನ್ 4.0 (1998), ಐಎಲ್-2 ಸ್ಟರ್ಮೊವಿಕ್: 1946 (2006). ಕೊನೆಯದು ಅಷ್ಟು ಹಳೆಯದಾ ಅಂತ ಕೇಳಬಹುದು. ಅದರ ಬುನಾದಿ 2001ರ ಆಟ, ಹಾಗಾಗಿ ಸೇರಿಸಿದ್ದೇನೆ. ನಾಲ್ಕೂ ಜಿಒಜಿಯಂಥ ಆನ್‌ಲೈನ್ ಅಂಗಡಿಗಳಲ್ಲಿ ಮತ್ತೆ ಮಾರಾಟಕ್ಕೆ ಬಂದಿವೆ, ಕದ್ದ ಕಾಪಿ ಹುಡುಕುವ ಅಗತ್ಯವಿಲ್ಲ. 1991ರ ಚಕ್ ಯೇಗರ್ಸ್ ಏರ್ ಕಾಂಬ್ಯಾಟ್ ಕೂಡ ನನಗೆ ತುಂಬಾ ಇಷ್ಟ. ಅದರಲ್ಲಿ ಎರಡನೇ ಮಹಾಯುದ್ಧದ ಪಿ-51 ಹತ್ತಿಕೊಂಡು ಕೊರಿಯಾ ಯುದ್ಧದ ಮಿಗ್-15 ಜೊತೆ ಕಾದಾಡಬಹುದು. ಆದರೆ ಅದು ಈಗ ಸುಲಭಕ್ಕೆ ಕೊಳ್ಳಲು ಸಿಗುವುದಿಲ್ಲ, ಅದಕ್ಕೇ ಬಿಟ್ಟಿದ್ದೇನೆ.

ರೆಡ್ ಬ್ಯಾರನ್: ನಿಧಾನವೇ ಇದರ ಬಲ

ಅಮೆರಿಕದ ಡೈನಮಿಕ್ಸ್ ಕಂಪನಿಯ ಈ ಆಟ ಮೊದಲ ಮಹಾಯುದ್ಧದ ಪಶ್ಚಿಮ ರಂಗದ್ದು. ವಿನ್ಯಾಸ ಮಾಡಿದವರು ಡೇಮನ್ ಸ್ಲೈ. ಇಂದಿನ ಕಣ್ಣಿಗೆ ಚಿತ್ರ ಬಡವಾಗಿಯೇ ಕಾಣುತ್ತದೆ. ನೆಲ ಅಂದರೆ ಬರೀ ಹಸಿರು, ದೂರದ ವಿಮಾನ ಅಂದರೆ ಒಂದು ಚುಕ್ಕೆ. ಹೀಗಿದ್ದರೂ ಈ ಕಡೆ ತಲೆಯನ್ನೇ ಹಾಕದವರಿಗೆ ನಾನು ಮೊದಲು ಹೇಳುವ ಹೆಸರು ಇದೇ.

ಕಾರಣ, ಈ ವಿಮಾನಗಳು ನಿಧಾನ. ಸೋಪ್‌ವಿತ್ ಕ್ಯಾಮೆಲ್ ಆಗಲಿ ಫೋಕರ್ ತ್ರಿರೆಕ್ಕೆ ವಿಮಾನ ಆಗಲಿ ಗಂಟೆಗೆ ಸುಮಾರು 180 ಕಿ.ಮೀ. ಮುಟ್ಟಿದರೆ ಹೆಚ್ಚು. ತಪ್ಪು ಮಾಡಿದ್ದಕ್ಕೂ ಅದರ ಫಲ ಉಣ್ಣುವುದಕ್ಕೂ ನಡುವೆ ಒಂದಿಷ್ಟು ಸೆಕೆಂಡ್ ಸಿಗುತ್ತದೆ. ಮೂಗು ಎತ್ತಿದಿರಿ, ವೇಗದ ಮುಳ್ಳು ಇಳಿಯಿತು, ರೆಕ್ಕೆಗೆ ಹಿಡಿತ ತಪ್ಪಿತು, ವಿಮಾನ ಜಾರಿತು. ಸ್ಟಾಲ್ ಅಂದರೇನು ಅಂತ ಪುಸ್ತಕದಲ್ಲಿ ಓದುವುದಕ್ಕಿಂತ ಇಲ್ಲಿ ಬೇಗ ಅರ್ಥವಾಗುತ್ತದೆ. ಜೊತೆಗೆ ಕೈಗೆ ಕೆಲಸವೂ ಕಡಿಮೆ. ರೇಡಾರ್ ಇಲ್ಲ, ಕ್ಷಿಪಣಿ ಇಲ್ಲ, ಚಕ್ರ ಮಡಚುವ ಗೊಡವೆ ಇಲ್ಲ. ಇರೋದು ಸ್ಟಿಕ್, ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್, ಎಂಜಿನ್ ಬಲ ಏರಿಳಿಸುವ ಥ್ರಾಟಲ್, ಒಂದೋ ಎರಡೋ ಮೆಷಿನ್‌ಗನ್. ಗುಂಡು ತಾಗಬೇಕಾದರೆ ಎದುರಾಳಿಯ ರೆಕ್ಕೆ ಪರದೆ ತುಂಬುವಷ್ಟು ಹತ್ತಿರ ಹೋಗಬೇಕು. ಅವನು ತಿರುಗುತ್ತಿದ್ದರೆ ಅವನ ಮೇಲೆ ಗುರಿ ಇಟ್ಟು ಪ್ರಯೋಜನವಿಲ್ಲ, ಅವನು ಹೋಗಿ ಸೇರುವ ಜಾಗಕ್ಕೆ ಮೊದಲೇ ಹೊಡೆಯಬೇಕು. ಇದಕ್ಕೆ ಸಿಮ್ ಆಡುವವರು 'ಲೀಡ್' ಅನ್ನುತ್ತಾರೆ. ಮುಂದೆ ಯಾವ ಯುಗದ ವಿಮಾನ ಹತ್ತಿದರೂ ಈ ಅಂದಾಜು ಬೇಕೇ ಬೇಕು.

ವಿಮಾನಗಳ ಗುಣವೂ ಎದ್ದು ಕಾಣುತ್ತದೆ. ಕ್ಯಾಮೆಲ್‌ನದು ರೋಟರಿ ಎಂಜಿನ್. ಪ್ರೊಪೆಲ್ಲರ್ ಜೊತೆ ಇಡೀ ಎಂಜಿನ್ನೇ ಸುತ್ತುತ್ತದೆ. ಆ ಸುತ್ತಿನ ಬಲದಿಂದ ನಿಜವಾದ ಕ್ಯಾಮೆಲ್ ಬಲಕ್ಕೆ ಬಹಳ ಬೇಗ ತಿರುಗುತ್ತಿತ್ತು, ಹೊಸ ಪೈಲಟ್‌ಗಳನ್ನು ಕೊಂದದ್ದೂ ಅದೇ ಗುಣ. ಸ್ಪ್ಯಾಡ್ 13 ತದ್ವಿರುದ್ಧ. ತಿರುಗುವುದರಲ್ಲಿ ಮಂದ, ಕೆಳಕ್ಕೆ ಧುಮುಕುವುದರಲ್ಲಿ ಗಟ್ಟಿ. ಸ್ಪ್ಯಾಡ್ ಹತ್ತಿಕೊಂಡು ಫೋಕರ್ ತ್ರಿರೆಕ್ಕೆಯ ಜೊತೆ ಸುತ್ತು ಹಾಕಲು ಹೋದರೆ ಎರಡನೇ ಸುತ್ತಿಗೆ ಅವನು ನಿಮ್ಮ ಬೆನ್ನ ಹಿಂದೆ ಇರುತ್ತಾನೆ. ಮೇಲಿಂದ ಬಂದು, ಹೊಡೆದು, ಅದೇ ವೇಗದಲ್ಲಿ ದೂರ ಹೋಗಿ ಮತ್ತೆ ಮೇಲೇರಿದರೆ ಅವನು ಏನೂ ಮಾಡಲಾರ. ಎತ್ತರ ಅಂದರೆ ಕೂಡಿಟ್ಟ ವೇಗ. ಡಾಗ್‌ಫೈಟ್‌ನ, ಅಂದರೆ ವಿಮಾನಗಳ ಹತ್ತಿರದ ಕಾದಾಟದ, ಅರ್ಧ ಪಾಠ ಇಷ್ಟೇ. ಇದೇ ಉಪಾಯವನ್ನು ನ್ಯೂಪೋರ್ಟ್ 17ರಲ್ಲಿ ಮಾಡಲು ಹೋಗಬೇಡಿ. ಕಡಿದಾಗಿ ಧುಮುಕಿದರೆ ಅದರ ಕೆಳರೆಕ್ಕೆ ಕಿತ್ತುಬರುವ ಅಪಾಯ ಚರಿತ್ರೆಯಲ್ಲೂ ಇತ್ತು.

ನೈಜತೆಯ ಸ್ವಿಚ್‌ಗಳನ್ನು ಒಂದೊಂದಾಗಿ ಹಾಕಿಕೊಳ್ಳಬಹುದು. ಗನ್ ಸಿಕ್ಕಿಕೊಳ್ಳುವುದು, ಗುಂಡು ಮತ್ತು ಇಂಧನ ಮುಗಿಯುವುದು, ಸೂರ್ಯನ ಕಡೆಯಿಂದ ಬಂದವನು ಕಾಣದಿರುವುದು, ಹೀಗೆ. ನನ್ನ ಅಳತೆಗೆ ಎಲ್ಲಕ್ಕಿಂತ ಮುಖ್ಯವಾದದ್ದು ರೆಕಾರ್ಡರ್. ಹಾರಾಟ ಮುಗಿದ ಮೇಲೆ ಅದನ್ನೇ ಸಿನಿಮಾದಂತೆ ಓಡಿಸಿ, ಹೊರಗಿನಿಂದ ನೋಡಬಹುದು. ನಿಮ್ಮನ್ನು ಹೊಡೆದವನು ಅಷ್ಟು ಹೊತ್ತಿನಿಂದ ಬೆನ್ನ ಹಿಂದೆ ಆರಾಮಾಗಿ ಕೂತಿದ್ದ ಅಂತ ಆಗ ತಿಳಿಯುತ್ತದೆ. 1990ರ ಆಟದಲ್ಲಿ ಇದು ಇತ್ತು ಅಂದರೆ ಈಗಲೂ ಆಶ್ಚರ್ಯ.

ಆಟದಲ್ಲಿ ಬ್ರಿಟಿಷರ ಎಸ್.ಇ.5ಎ ಕೂಡ ಇದೆ. 1918ರ ಜುಲೈನಲ್ಲಿ ಕಲ್ಕತ್ತೆಯ ಇಂದ್ರಲಾಲ್ ರಾಯ್ 40ನೇ ಸ್ಕ್ವಾಡ್ರನ್‌ನಲ್ಲಿ ಹಾರಿಸಿದ್ದು ಇದೇ ವಿಮಾನ. ಎರಡು ವಾರದೊಳಗೆ 10 ಗೆಲುವು, ಜುಲೈ 22ರಂದು ಸಾವು. ಆಗ ಅವರಿಗೆ 19 ವರ್ಷ. ಎಸ್.ಇ.5ಎ ಸ್ಥಿರವಾದ ವಿಮಾನ, ಗನ್ ಅಲುಗಾಡುವುದಿಲ್ಲ. ಹೊಸಬರು ಕ್ಯಾಮೆಲ್ ಬಿಟ್ಟು ಇದರಿಂದಲೇ ಶುರು ಮಾಡುವುದು ಒಳ್ಳೆಯದು.

ಕೊರತೆ ಇಲ್ಲವೇ? ಇದೆ. ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದ ಆಟವಾದ್ದರಿಂದ, ಅಂಥ ಆಟಗಳನ್ನು ಈಗಿನ ಕಂಪ್ಯೂಟರ್‌ನಲ್ಲಿ ನಡೆಸುವ ಡಾಸ್‌ಬಾಕ್ಸ್ ಅನ್ನುವ ಸಾಫ್ಟ್‌ವೇರ್ ಒಳಗೆ ಓಡುತ್ತದೆ. ವೇಗ ಸರಿಯಿಲ್ಲದಿದ್ದರೆ ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ನಿಧಾನವಾಗುತ್ತದೆ, ಎಫ್12 ಒತ್ತಿದರೆ ಚುರುಕಾಗುತ್ತದೆ. ಜೊತೆಗೆ ಹಾರುವ ಕಂಪ್ಯೂಟರ್ ಪೈಲಟ್‌ಗಳನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಜಿಒಜಿಯ ಪ್ಯಾಕಿನಲ್ಲಿ ರೆಡ್ ಬ್ಯಾರನ್ 2 ಮತ್ತು 3ಡಿ ಕೂಡ ಬರುತ್ತವೆ. ಅವುಗಳ ಅಭಿಯಾನ, ಅಂದರೆ ಒಂದರ ಹಿಂದೊಂದು ಹಾರಾಟವಾಗಿ ಸಾಗುವ ಇಡೀ ಯುದ್ಧ, ಇನ್ನೂ ವಿಸ್ತಾರವಾಗಿದೆ. ಆದರೂ ಮೊದಲ ತಿಂಗಳಿಗೆ 1990ರದೇ ಸಾಕು.

ಯುರೋಪಿಯನ್ ಏರ್ ವಾರ್: ಗುಂಪಿನಲ್ಲಿ ಕಾದಾಟ

ಮೈಕ್ರೋಪ್ರೋಸ್ ಕಂಪನಿಯದು. 1940ರ ಬ್ರಿಟನ್ ಕದನ ಮತ್ತು 1943ರ ನಂತರದ ಬಾಂಬರ್ ದಾಳಿಗಳು ಇದರ ವಸ್ತು. ಹಾರಿಸಬಹುದಾದ ವಿಮಾನ 20. ಇದರ ವಿಶೇಷ ಆಕಾಶದಲ್ಲಿನ ಜನಸಂದಣಿ. ಬಾಂಬರ್‌ಗಳ ದೊಡ್ಡ ಸಾಲು, ಸುತ್ತ ಬೆಂಗಾವಲು, ಮೇಲಿಂದ ಎರಗುವ ಜರ್ಮನ್ ಮೆಸರ್‌ಶ್ಮಿಟ್‌ಗಳು ಎಲ್ಲ ಒಟ್ಟಿಗೆ. ಯಾರನ್ನು ಹೊಡೆಯಬೇಕು, ಯಾರನ್ನು ಬಿಡಬೇಕು ಅನ್ನುವ ತೀರ್ಮಾನ ಇಲ್ಲಿ ಚೆನ್ನಾಗಿ ಬರುತ್ತದೆ. ಎಂಜಿನ್ ನೋಡಿಕೊಳ್ಳುವ ಕೆಲಸ ಹೆಚ್ಚಿಲ್ಲ, ಕೂತ ತಕ್ಷಣ ಆಡಬಹುದು.

ಆದರೆ ನನ್ನ ಅಳತೆಯಲ್ಲಿ ಇದು ಹಿಂದೆ ಬೀಳುತ್ತದೆ. ಅಷ್ಟು ಜನರ ನಡುವೆ ಬಿದ್ದಾಗ ಯಾರ ಗುಂಡು, ಯಾವ ತಪ್ಪಿಗೆ ಅಂತ ಬಿಡಿಸಿ ನೋಡುವುದು ಕಷ್ಟ. ಮೊದಲ ಆಟವಾಗಿ ಬೇಡ. ಎರಡನೆಯದಾಗಿ, ಸುಮ್ನೆ ಖುಷಿಗೆ ಆಡೋಕೆ ಬಹಳ ಚೆನ್ನಾಗಿದೆ. ಹಳೆಯ 3ಡಿ ಕಾರ್ಡ್‌ಗಳ ಕಾಲದ ಆಟ ಇದು. ಈಗಿನ ವಿಂಡೋಸ್‌ನಲ್ಲಿ ಚಿತ್ರ ಸರಿಯಾಗಿ ಬರಬೇಕಾದರೆ ಡಿಜಿವೂಡೂ ಥರದ ಪುಟ್ಟ ಸಾಫ್ಟ್‌ವೇರ್ ಬೇಕಾಗಬಹುದು.

ಐಎಲ್-2 1946: ಒಂದೇ ಕೊಳ್ಳುವುದಾದರೆ ಇದು

ರಷ್ಯಾದಲ್ಲಿ ಒಲೆಗ್ ಮ್ಯಾಡಾಕ್ಸ್ ತಂಡ ಇದನ್ನು ಶುರು ಮಾಡಿದಾಗ ಯೋಚನೆ ಚಿಕ್ಕದಿತ್ತು. ಸೋವಿಯತ್ತರ ಐಎಲ್-2 ಅನ್ನುವ ಒಂದೇ ದಾಳಿ ವಿಮಾನದ ಮೇಲೆ ಸಿಮ್ ಮಾಡುವುದು. ಆಮೇಲೆ ಅದು ಬೆಳೆಯುತ್ತಾ ಹೋಯಿತು. ಪೂರ್ವ ರಂಗ, ಪಶ್ಚಿಮ ಯುರೋಪ್, ಪೆಸಿಫಿಕ್ ಎಲ್ಲ ಸೇರಿಕೊಂಡವು. 2006ರಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿದ ಕಂತೆಯೇ 1946. ಹಾರಿಸಬಹುದಾದ ವಿಮಾನಗಳೇ 200ಕ್ಕೂ ಹೆಚ್ಚು. ಈ ಸಂಖ್ಯೆ ನೋಡಿ ಮರುಳಾಗಬೇಡಿ. ಹೊಸಬರು ದಿನಕ್ಕೊಂದು ವಿಮಾನ ಹತ್ತಿ ಇಳಿದು, ಕೊನೆಗೆ ಒಂದನ್ನೂ ಕಲಿಯದೆ ಉಳಿಯುವುದೂ ಇಲ್ಲೇ.

ನಾನು ಇದನ್ನು ಮೇಲಿಡುವುದು ಬೇರೆ ಎರಡು ಕಾರಣಕ್ಕೆ. ಒಂದು, ಇದರ ಕಷ್ಟದ ಪಟ್ಟಿ. ಸ್ಟಾಲ್, ಎಂಜಿನ್ ಬಿಸಿಯಾಗುವುದು, ಪ್ರೊಪೆಲ್ಲರ್ ಸುತ್ತುವ ಬಲಕ್ಕೆ ವಿಮಾನ ಪಕ್ಕಕ್ಕೆ ಎಳೆಯುವುದು, ಗಾಳಿ, ಕಣ್ಣು ಕತ್ತಲೆ ಬರುವುದು, ಗುಂಡಿನ ಮಿತಿ, ವಿಮಾನದ ಮೇಲೆ ತೇಲುವ ಹೆಸರು, ಪ್ರತಿಯೊಂದಕ್ಕೂ ಬೇರೆ ಬೇರೆ ಸ್ವಿಚ್. ಹಾಗಾಗಿ ಒಂದು ಸಲಕ್ಕೆ ಒಂದೇ ತೊಂದರೆ ಎದುರಿಸಬಹುದು. ಬಿದ್ದರೆ ಕಾರಣವೂ ಅದೇ ಅಂತ ಖಾತ್ರಿ.

ಯಾವುದನ್ನು ಮೊದಲು ಹಾಕಬೇಕು ಅನ್ನೋದರಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಡಕ್. ಸ್ಟಾಲ್ ಮತ್ತು ಸ್ಪಿನ್ (ವಿಮಾನ ಗಿರಗಿರ ಸುತ್ತುತ್ತಾ ಬೀಳುವುದು) ಮೊದಲ ದಿನದಿಂದಲೇ ಇರಲಿ. ಅದನ್ನು ತೆಗೆದು ಆಡಿದರೆ ಸ್ಟಿಕ್ ಅನ್ನು ಹೊಟ್ಟೆಗೆ ಎಳೆದುಕೊಳ್ಳುವ ಚಟ ಅಂಟಿಕೊಳ್ಳುತ್ತದೆ, ಆಮೇಲೆ ಬಿಡಿಸಲು ಆಗುವುದಿಲ್ಲ. ಪ್ರೊಪೆಲ್ಲರ್‌ನ ಎಳೆತ, ಎಂಜಿನ್ ಬಿಸಿ, ಎಂಜಿನ್‌ನ ಸೂಕ್ಷ್ಮ ನಿರ್ವಹಣೆ ಇವನ್ನು ತೆಗೆದಿಡಿ. ಗುಂಡು ಮುಗಿಯದಂತೆ ಇಡಿ. ವಿಮಾನದ ಮೇಲಿನ ಹೆಸರು ಮತ್ತು ದೂರದ ಅಂಕಿ ಖಂಡಿತ ಇರಲಿ. ಹೊಸಬರು 600 ಮೀಟರ್ ದೂರದಿಂದಲೇ ಗುಂಡು ಸುರಿಸಿ ಖಾಲಿ ಮಾಡುತ್ತಾರೆ. 150 ಮೀಟರ್‌ಗೆ ಬಂದರೆ ವಿಮಾನ ಎಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ಆ ಅಂಕಿಯೇ ಕಲಿಸುತ್ತದೆ. ಕಣ್ಣಿಗೆ ಅಂದಾಜು ಬಂದ ಮೇಲೆ ತೆಗೆಯಿರಿ.

ಇದರ ಜೊತೆಗೇ ಇನ್ನೊಂದು ಸೆಟ್ಟಿಂಗ್. ರೆಕ್ಕೆಯಲ್ಲಿ ಗನ್ ಇರುವ ವಿಮಾನಗಳಲ್ಲಿ ಎರಡೂ ಕಡೆಯ ಗುಂಡು ಮುಂದೆ ಎಲ್ಲಿ ಬಂದು ಕೂಡಬೇಕು ಅಂತ ಹಾರುವ ಮೊದಲೇ ಮೀಟರ್ ಲೆಕ್ಕದಲ್ಲಿ ಹೇಳಬಹುದು. ಅದನ್ನು 200ಕ್ಕೆ ಇಳಿಸಿ. ಇದೊಂದನ್ನು ಮುಟ್ಟದೆ, ಎಷ್ಟು ಹೊಡೆದರೂ ವಿಮಾನ ಬೀಳಲ್ಲ ಅಂತ ಗೊಣಗುವವರು ಬಹಳ ಮಂದಿ.

ಎರಡನೇ ಕಾರಣ, ಕ್ವಿಕ್ ಮಿಷನ್ ಬಿಲ್ಡರ್. ನಿಮ್ಮ ವಿಮಾನ, ಎದುರಾಳಿಯ ವಿಮಾನ, ಅವನ ನೈಪುಣ್ಯ, ಎತ್ತರ, ಯಾರು ಮೇಲಿರಬೇಕು, ಎಲ್ಲ ಆರಿಸಿ ಒಂದು ನಿಮಿಷದಲ್ಲಿ ಗಾಳಿಯಲ್ಲಿರುತ್ತೀರಿ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದು ಹಳೆಯ ಸಿಮ್‌ಗಳಲ್ಲಿ ಇಲ್ಲ. ಮೊದಲು ಎರಡೂ ಕಡೆ ಒಂದೇ ವಿಮಾನ, ಎದುರಾಳಿ ಹೊಸಬ, ನಿಮಗೆ ಎತ್ತರದ ಲಾಭ. ಸುಲಭವಾಗಿ ಗೆಲ್ಲಲು ಶುರುವಾದ ಮೇಲೆ ಲಾಭ ಅವನಿಗೆ ಕೊಡಿ. ಅದಾದ ಮೇಲೆ ವಿಮಾನ ಬದಲಾಯಿಸಿ. ಪೆಸಿಫಿಕ್‌ನ ಎಫ್4ಎಫ್ ವೈಲ್ಡ್‌ಕ್ಯಾಟ್ ಹತ್ತಿ ಜಪಾನಿನ ಝೀರೋ ಎದುರು ಹೋಗಿ. ಝೀರೋ ಹಗುರ, ಕಡಿಮೆ ವೇಗದಲ್ಲಿ ಇದ್ದಲ್ಲೇ ತಿರುಗುವಷ್ಟು ಚುರುಕು. ಆದರೆ ವೇಗ ಏರಿದಂತೆ ಅದರ ಸ್ಟಿಕ್ ಬಿಗಿಯಾಗುತ್ತದೆ, ಬೆಂಕಿಯೂ ಬೇಗ ಹತ್ತುತ್ತದೆ. ವೈಲ್ಡ್‌ಕ್ಯಾಟ್‌ನಲ್ಲಿ ಸೋತು ಸಾಕಾದಾಗ ಝೀರೋ ಹತ್ತಿ ಅದೇ ಕಾಳಗ ಆಡಿ. ಎದುರಾಳಿಗೆ ಏನು ಕಷ್ಟ ಅಂತ ಅವನ ಕುರ್ಚಿಯಲ್ಲಿ ಕೂತಾಗ ಗೊತ್ತಾಗುವಷ್ಟು ಬೇರೆ ಹೇಗೂ ಗೊತ್ತಾಗಲ್ಲ.

ಬಾಂಬರ್ ಬೇಟೆಗೆ ಹೋದರೆ ಒಂದು ಎಚ್ಚರಿಕೆ. ಸಮಮಟ್ಟದಲ್ಲಿ ಬಾಲದ ಹಿಂದೆ ನಿಧಾನಕ್ಕೆ ಹೋಗಿ ನಿಲ್ಲಬೇಡಿ. ಹಿಂಬದಿಯ ಗನ್ನರ್ ನಿಮ್ಮ ಎಂಜಿನ್ನಿಗೇ ಹೊಡೆಯುತ್ತಾನೆ. ಮೇಲಿಂದ ಅಥವಾ ಪಕ್ಕದಿಂದ ವೇಗವಾಗಿ ದಾಟಿಹೋಗಬೇಕು.

ಕಲಿಯಲು ಯಾವ ವಿಮಾನ? ಸ್ಪಿಟ್‌ಫೈರ್ ಎಲ್ಲರ ಉತ್ತರ, ತಪ್ಪಲ್ಲ. ತಪ್ಪಿಗೆ ಬೇಗ ಕ್ಷಮಿಸುವ ವಿಮಾನ ಅದು. ನನಗೆ ಹರಿಕೇನ್ ಮೇಲೆ ಒಲವು. ಬರ್ಮಾ ರಂಗದಲ್ಲಿ ಭಾರತೀಯ ವಾಯುಪಡೆಯವರು ಹಾರಿಸಿದ ವಿಮಾನ ಅನ್ನೋದು ಒಂದು, ವೇಗ ಕಡಿಮೆಯಾದ್ದರಿಂದ ಎತ್ತರವನ್ನು ಜೋಪಾನವಾಗಿ ಖರ್ಚು ಮಾಡುವ ಅಭ್ಯಾಸ ಬರುತ್ತದೆ ಅನ್ನೋದು ಇನ್ನೊಂದು. ಫೋಕ-ವುಲ್ಫ್ 190, ಪಿ-47 ಇವನ್ನು ಆಮೇಲೆ ಹತ್ತಿ. ತಿರುಗಿ ಕಾದಾಡುವವರ ಕೈಯಲ್ಲಿ ಅವು ಬರೀ ಭಾರ, ಮೇಲಿಂದ ಎರಗಿ ಹೋಗುವವರ ಕೈಯಲ್ಲಿ ಯಮ.

ಹಾರಾಟ ಮುಗಿದ ಮೇಲೆ ಅದರ ರೆಕಾರ್ಡಿಂಗ್ ಉಳಿಸಿಕೊಳ್ಳಬಹುದು, ಇದಕ್ಕೆ ಇಲ್ಲಿ ಟ್ರ್ಯಾಕ್ ಅನ್ನುತ್ತಾರೆ. ಕಂಪ್ಯೂಟರ್ ಪೈಲಟ್‌ಗಳ ಬಗ್ಗೆ ಹಳೆಯ ಆವೃತ್ತಿಗಳಲ್ಲಿ ಒಂದು ದೂರಿತ್ತು, ಅವರು ಕಾಣಬಾರದ್ದನ್ನೂ ಕಾಣುತ್ತಾರೆ ಅಂತ. ಟೀಮ್ ಡೈಡಲಸ್ ಅನ್ನುವ ಹವ್ಯಾಸಿಗಳ ತಂಡ ತಂದ 4.11 ಪ್ಯಾಚ್‌ನಲ್ಲಿ (ಆಟವನ್ನು ತಿದ್ದುವ ಫೈಲು) ಇದನ್ನು ಬಹುಮಟ್ಟಿಗೆ ಸರಿಪಡಿಸಿದರು. ಆದ್ದರಿಂದ ಆಟ ಹಾಕಿದ ಮೇಲೆ ಆವೃತ್ತಿ ಯಾವುದು ಅಂತ ನೋಡಿ, ಹಳೆಯದಿದ್ದರೆ ಪ್ಯಾಚ್ ಹಾಕಿ. ಆಟಗಾರರೇ ಮಾಡಿದ ಸೇರ್ಪಡೆಗಳ, ಅಂದರೆ ಮಾಡ್‌ಗಳ, ದೊಡ್ಡ ಲೋಕವೇ ಇದೆ, ಆದರೆ ಈಗಲೇ ಆ ಕಡೆ ಹೋಗಬೇಡಿ.

ಫಾಲ್ಕನ್ 4.0: ಓದುವ ಮನಸ್ಸಿದ್ದರೆ ಮಾತ್ರ

1998ರ ಡಿಸೆಂಬರ್‌ನಲ್ಲಿ ಮೈಕ್ರೋಪ್ರೋಸ್ ಇದನ್ನು ತಂದಾಗ ಜೊತೆಗೆ ಬಂದ ಕೈಪಿಡಿಯೇ 500 ಪುಟ ದಾಟಿತ್ತು, ಕಚೇರಿಯ ಕಾಗದ ಇಡುವಂಥ ರಿಂಗ್ ಫೈಲಿನಲ್ಲಿ ಹಾಕಿ ಕೊಟ್ಟಿದ್ದರು. ಒಂದೇ ವಿಮಾನ, ಎಫ್-16. ಜಾಗ ಕೊರಿಯಾ. ಇಲ್ಲಿನ ಯುದ್ಧ ನಿಮಗಾಗಿ ಕಾಯುವುದಿಲ್ಲ. ನೀವು ಹಾರಿದರೂ ಹಾರದಿದ್ದರೂ ನೆಲದಲ್ಲಿ ಟ್ಯಾಂಕ್ ಮುಂದೆ ಸಾಗುತ್ತವೆ, ಬೇರೆ ವಿಮಾನಗಳು ದಾಳಿಗೆ ಹೋಗಿ ಬರುತ್ತವೆ. ಇಂಥ ಅಭಿಯಾನಕ್ಕೆ ಇಂದಿಗೂ ಜನ ಇದರ ಹೆಸರನ್ನೇ ಹೇಳುತ್ತಾರೆ. ಮೊದಲು ಬಂದಾಗ ದೋಷಗಳು ತುಂಬಿದ್ದವು. 2000ರಲ್ಲಿ ಇದರ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ಸೋರಿಕೆಯಾಯಿತು, ಹವ್ಯಾಸಿಗಳು ಅಲ್ಲಿಂದ ರಿಪೇರಿಗೆ ಇಳಿದರು. ಅದರ ಇಂದಿನ ರೂಪವೇ ಫಾಲ್ಕನ್ ಬಿಎಂಎಸ್. ಅದು ಉಚಿತ, ಆದರೆ ಮೂಲ ಫಾಲ್ಕನ್ 4.0 ಕೊಂಡು ಹಾಕಿಕೊಂಡಿರಬೇಕು. ಇವತ್ತು ಫಾಲ್ಕನ್ ಕಲಿಯುವುದು ಅಂದರೆ ಬಿಎಂಎಸ್ ಕಲಿಯುವುದೇ.

ಎಫ್-16 ಬಗ್ಗೆ ಒಂದು ವಿಚಿತ್ರ ಇದೆ. ಹಾರಿಸೋದು ಇದೇ ಸುಲಭ. ಸ್ಟಿಕ್ ಎಷ್ಟು ಎಳೆದರೂ ಒಳಗಿನ ಕಂಪ್ಯೂಟರ್ ಮಿತಿ ಮೀರಲು ಸಾಮಾನ್ಯವಾಗಿ ಬಿಡುವುದಿಲ್ಲ. ಅಂದರೆ ರೆಡ್ ಬ್ಯಾರನ್ ಕಲಿಸುವ ಸ್ಟಾಲ್ ಪಾಠ ಇಲ್ಲಿ ಸಿಗುವುದೇ ಇಲ್ಲ. ಕಷ್ಟ ಇರೋದು ಉಳಿದ ಎಲ್ಲದರಲ್ಲಿ. ನಿಂತ ವಿಮಾನವನ್ನು ಒಂದೊಂದೇ ಸ್ವಿಚ್ ಹಾಕಿ ಎಬ್ಬಿಸುವುದು, ರೇಡಾರ್‌ನ ಬಗೆಬಗೆಯ ಸ್ಥಿತಿಗಳು, ಯಾರೋ ನಮ್ಮ ಮೇಲೆ ರೇಡಾರ್ ಹಾಯಿಸುತ್ತಿದ್ದಾರೆ ಅಂತ ಎಚ್ಚರಿಸುವ ಸದ್ದುಗಳು, ಕ್ಷಿಪಣಿ ಎಷ್ಟು ದೂರ ಮುಟ್ಟೀತು ಅನ್ನುವ ಲೆಕ್ಕ.

ಸಾವು ಇಲ್ಲಿ ಕಣ್ಣಿಗೆ ಕಾಣದ ದೂರದಿಂದ ಬರುತ್ತದೆ. ರೆಕಾರ್ಡಿಂಗ್ ಸೌಲಭ್ಯ ಬಹಳ ಚೆನ್ನಾಗಿದೆ, ಕ್ಷಿಪಣಿ ಎಲ್ಲಿಂದ ಹೊರಟಿತು ಅಂತ ಗೆರೆ ಸಮೇತ ತೋರಿಸುತ್ತದೆ. ಆದರೆ ಆ ಗೆರೆ ನೋಡಿ, ಅಷ್ಟೊತ್ತಿಗೆ ನಾನು ಏನು ಮಾಡಬೇಕಿತ್ತು ಅಂತ ತಿಳಿಯಬೇಕಾದರೆ ಮೊದಲು ರೇಡಾರ್ ಅಧ್ಯಾಯ ಓದಿರಬೇಕು. ಉತ್ತರ ಇದೆ, ಓದಲು ಲಿಪಿ ಬೇಕು. ಅದೃಷ್ಟಕ್ಕೆ ತರಬೇತಿ ಮಿಷನ್‌ಗಳು ಕ್ರಮವಾಗಿ ಜೋಡಿಸಿವೆ, ಪ್ರತಿಯೊಂದಕ್ಕೂ ಬರಹವಿದೆ. ವಾರಕ್ಕೆ ಒಂದು ಮುಗಿಸಿದರೂ ಸಾಕು. ಯಲಹಂಕದ ಏರೋ ಇಂಡಿಯಾದಲ್ಲಿ ಎಫ್-16 ಎದ್ದುಹೋಗುವ ಸದ್ದಿಗೆ ಎದೆ ನಡುಗಿಸಿಕೊಂಡವರು ನೇರವಾಗಿ ಇದಕ್ಕೇ ಬರುತ್ತಾರೆ. ಬನ್ನಿ, ಬೇಡ ಅನ್ನಲ್ಲ. ಆದರೆ ಮೊದಲ ವಾರದಲ್ಲೇ ಕ್ಷಿಪಣಿ ಹಾರಿಸುವ ಆಸೆ ಇಟ್ಟುಕೊಳ್ಳಬೇಡಿ.

ಸಾಮಾನು ಏನು ಬೇಕು?

ರೆಡ್ ಬ್ಯಾರನ್ ಕೀಬೋರ್ಡಿನಲ್ಲೂ ನಡೆಯುತ್ತದೆ. ಐಎಲ್-2ಗೆ ಜಾಯ್‌ಸ್ಟಿಕ್ ಬೇಕೇ ಬೇಕು, ಕೀಲಿ ಒತ್ತಿ ಸ್ಟಾಲ್ ಅಂಚಿನಲ್ಲಿ ವಿಮಾನ ಹಿಡಿದಿಡಲು ಆಗುವುದಿಲ್ಲ. ಹಿಡಿಯನ್ನು ತಿರುಚಿದರೆ ರಡ್ಡರ್ ಆಗುವಂಥ, ಬುಡದಲ್ಲಿ ಥ್ರಾಟಲ್ ಇರುವ ಒಂದು ಸಾಧಾರಣ ಯುಎಸ್‌ಬಿ ಸ್ಟಿಕ್ ಸಾಕು. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಹಳೆಯದು ಕೊಳ್ಳುವುದಾದರೆ ವೈರಿನ ತುದಿ ನೋಡಿ. 15 ಪಿನ್ನಿನ ಅಗಲದ ಪ್ಲಗ್ ಇದ್ದರೆ ಅದು ಹಳೆಯ ಗೇಮ್‌ಪೋರ್ಟ್‌ನದು, ಈಗಿನ ಕಂಪ್ಯೂಟರ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಫಾಲ್ಕನ್‌ಗೆ ಸ್ಟಿಕ್ ಮತ್ತು ಥ್ರಾಟಲ್ ಬೇರೆ ಬೇರೆ ಇದ್ದು ಗುಂಡಿಗಳು ಜಾಸ್ತಿ ಇದ್ದಷ್ಟೂ ಒಳ್ಳೆಯದು. ಖರ್ಚೂ ಹಾಗೇ ಏರುತ್ತದೆ.

ತಲೆ ತಿರುಗಿಸಿದಂತೆ ನೋಟ ತಿರುಗುವ ಸೌಕರ್ಯಕ್ಕೆ ದುಬಾರಿ ಸಾಧನ ಕೊಳ್ಳುವ ಮೊದಲು ಓಪನ್‌ಟ್ರ್ಯಾಕ್ ಪ್ರಯತ್ನಿಸಿ. ಉಚಿತ ಸಾಫ್ಟ್‌ವೇರ್, ಮಾಮೂಲಿ ವೆಬ್‌ಕ್ಯಾಮ್‌ನಲ್ಲೂ ಕೆಲಸ ಮಾಡುತ್ತದೆ. ಐಎಲ್-2 ಮತ್ತು ಬಿಎಂಎಸ್‌ನಲ್ಲಿ ಇದರ ಉಪಯೋಗ ದೊಡ್ಡದು, ಯಾಕೆಂದರೆ ಎದುರಾಳಿ ಕಣ್ಣಿಂದ ತಪ್ಪಿಹೋದರೆ ಕಾಳಗ ಅರ್ಧ ಸೋತಂತೆಯೇ.

ನಿಮಗೆ ಯಾವುದು?

ಕೆಲಸ ಮುಗಿಸಿ ಬಂದು ರಾತ್ರಿ ಅರ್ಧ ಗಂಟೆ ಮಾತ್ರ ಸಿಗುವುದಾದರೆ, ಜಾಯ್‌ಸ್ಟಿಕ್ ಮೇಲೆ ಇನ್ನೂ ದುಡ್ಡು ಹಾಕಿಲ್ಲದಿದ್ದರೆ, ಮನೆಯ ಮಕ್ಕಳ ಜೊತೆ ಸರದಿಯಲ್ಲಿ ಆಡುವುದಾದರೆ ರೆಡ್ ಬ್ಯಾರನ್. ಒಂದೇ ಆಟ ಕೊಂಡು ವರ್ಷಗಟ್ಟಲೆ ಆಡಬೇಕು, ಪ್ರೊಪೆಲ್ಲರ್ ಕಾಲದ ಕಾಳಗವೇ ಇಷ್ಟ ಅನ್ನುವವರಿಗೆ ಐಎಲ್-2. ಎರಡನ್ನೂ ಕೊಳ್ಳುವುದಾದರೆ ಇನ್ನೂ ಒಳ್ಳೆಯದು, ಇದೇ ಕ್ರಮದಲ್ಲಿ ಆಡಿ. ಕೈಪಿಡಿ ಓದುವುದರಲ್ಲೇ ಅರ್ಧ ಸುಖ ಕಾಣುವವರು ಫಾಲ್ಕನ್‌ಗೆ ಹೋಗಬಹುದು. ಅವರಿಗೆ ನನ್ನ ಯಾವ ಎಚ್ಚರಿಕೆಯೂ ನಾಟಲ್ಲ. ಯುರೋಪಿಯನ್ ಏರ್ ವಾರ್ ಅನ್ನು ರಿಯಾಯಿತಿ ದರದಲ್ಲಿ ಸಿಕ್ಕಾಗ ತೆಗೆದಿಟ್ಟುಕೊಳ್ಳಿ.

ಯಾವುದನ್ನೇ ಆರಿಸಿದರೂ ಮೊದಲ ತಿಂಗಳು ಅಭಿಯಾನಕ್ಕೆ ಕೈ ಹಾಕಬೇಡಿ. ಅದರಲ್ಲಿ ಕಾಳಗದ ಜಾಗಕ್ಕೆ ಹೋಗಿ ಬರುವುದರಲ್ಲೇ ಹೊತ್ತು ಕಳೆಯುತ್ತದೆ, ಬಿದ್ದರೆ ಮತ್ತೆ ಮೊದಲಿಂದ. ಬಿಡಿ ಕಾಳಗಗಳನ್ನು ಆಡಿ, ಪ್ರತಿ ಸೋಲಿನ ರೆಕಾರ್ಡಿಂಗ್ ಒಂದು ಸಲ ನೋಡಿ. ಅಭಿಯಾನ ಶುರು ಮಾಡುವ ಮೊದಲು ವಿಮಾನ ಇಳಿಸುವುದನ್ನೂ ಕಲಿತಿರಿ. ಚೆನ್ನಾಗಿ ಹೊಡೆದಾಡಿ ಗೆದ್ದವರು ರನ್‌ವೇ ಮೇಲೆ ಮಗುಚಿಕೊಳ್ಳುವುದು ಈ ಆಟಗಳಲ್ಲಿ ಮಾಮೂಲು.